ದಕ್ಷಿಣಕ್ಕೆ ತಿರುಗಿಸಿದ ಎಲೆ

ಆ ಭಾನುವಾರ ಮುಂಬಯಿಯ ಸಯನ್‌ನ ಮನೆಯಲ್ಲಿ ವಿನೋದಿನಿ ಬಂಗುಡೆ ಮೀನಿನ ಪುಳಿಮುಂಚಿ ಸಾರಿಗೆ ಹುಣಸೆಹುಳಿ ಕಿವುಚುತ್ತಿದ್ದಳು. ಆಗ ಫೋನು ಬಂತು.

ತಮ್ಮ ಅಕ್ಷಯ ಕೆಲಸಕ್ಕಿದ್ದ ಸರಕಿನ ಹಡಗಿಗೆ ಯಾರದೋ ಯುದ್ಧದ ಕ್ಷಿಪಣಿ ಬಡಿದಿತ್ತು. ಹಡಗು ಮುಳುಗಿತು. ಅವನ ದೇಹ ಸಿಗಲಿಲ್ಲ.

"ಮುಂದಿನ ತಿಂಗಳು ಬರ್ತೇನೆ ಅಕ್ಕಾ, ಪುಳಿಮುಂಚಿ ಮಾಡಿಡು" ಎಂದಿದ್ದ ಹುಡುಗ. ಬಾಣಲೆಯಿಂದಲೇ ಮೀನು ಎತ್ತಿ ತಿಂದು ಬೈಸಿಕೊಳ್ಳುತ್ತಿದ್ದವನು...

ಅಮ್ಮ ಉತ್ತರಕ್ರಿಯೆಯ ಮಾತೆತ್ತಿದಾಗ ವಿನೋದಿನಿ ಕೇಳಲಿಲ್ಲ. "ಅವನು ಬರುತ್ತಾನೆ" ಎಂದಳು. ಅಂದಿನಿಂದ ಆ ಅಡುಗೆಯನ್ನೂ ಮಾಡಲಿಲ್ಲ, ದೇವರಿಗೆ ದೀಪವನ್ನೂ ಹಚ್ಚಲಿಲ್ಲ.

ವರುಷ ಕಳೆದ ಮೇಲೆ, ಕಡಲಲ್ಲಿ ತಮ್ಮವರನ್ನು ಕಳೆದುಕೊಂಡ ಎಲ್ಲ ಮತದವರೂ ಸೇರಿ ಮುಂಬಯಿಯಿಂದ ಕೊಲಂಬೊಗೆ ಶಾಂತಿಯಾತ್ರೆ ಹೊರಟರು. ಅಮ್ಮನ ಬಲವಂತಕ್ಕೆ ಅವಳೂ ಹಡಗು ಹತ್ತಿದಳು.

ಮೊದಲ ಸಂಜೆಯೇ, ಯಾತ್ರೆಯ ಅಡುಗೆಗೆ ಬಂದಿದ್ದ ಹೋಟೆಲಿನ ಸುಕೇಶ ಊಟದ ಸಾಲಿನಲ್ಲಿ ಅವಳೆದುರಿನ ಖಾಲಿ ಜಾಗದಲ್ಲಿ ಬಾಳೆಲೆ ಹಾಸಿ, ತುದಿಯನ್ನು ದಕ್ಷಿಣಕ್ಕೆ ತಿರುಗಿಸಿ, ಅನ್ನ ಬಡಿಸಿದ.

ಅದು ಸತ್ತವರ ಎಲೆ.

"ತೆಗೀರಿ ಅದನ್ನ. ನನ್ನ ತಮ್ಮ ಸತ್ತಿಲ್ಲ."

ಅವನು ತಬ್ಬಿಬ್ಬಾದ. ಎಲೆಯನ್ನು ಎತ್ತಿಕೊಂಡು ಒಳಗೆ ಹೋದ.

ಎರಡು ದಿನ ಅವಳು ಅವನ ಮುಖ ನೋಡಲಿಲ್ಲ. ಬೆಳಗಿನ ಪ್ರಾರ್ಥನೆಯಿಂದಲೂ ದೂರವೇ ನಿಂತಳು. ಪರೇಲಿನಿಂದ ಬಂದಿದ್ದ, ಮಗನನ್ನು ಕಳೆದುಕೊಂಡ ಸುಂದ್ರವ್ವ ಅವಳ ಕೈ ಹಿಡಿದು ಕೂರಿಸಿಕೊಂಡಳು.

"ದೇವರ ಮ್ಯಾಲೆ ಸಿಟ್ಟಿದ್ರ ಇರಲಿ ಬಿಡವ್ವಾ, ನನಗೂ ಐತಿ. ಆದ್ರ ಆ ಹುಡುಗನ ಮ್ಯಾಲೆ ಯಾಕ? ಆ ಎಲಿ ನಿನ್ನ ತಮ್ಮಂದಲ್ಲ. ಅವನ ಅಪ್ಪಂದು."

ವಿನೋದಿನಿ ಅಡುಗೆಮನೆಯ ಬಾಗಿಲಿಗೆ ಹೋದಳು. ಸುಕೇಶ ಮೂಲೆಯಲ್ಲಿ ಹಾಸಿದ್ದ ಎಲೆಯನ್ನು ಮೆಲ್ಲನೆ ತಿರುಗಿಸುತ್ತಿದ್ದ.

"ಹಡಗು ತಿರುಗಿತು. ದಕ್ಷಿಣ ಯಾವ ಕಡೆ ಅಂತ ಕ್ಯಾಪ್ಟನ್ ಹತ್ರ ಕೇಳಿ ಬಂದೆ" ಎಂದ, ನಾಚುತ್ತ. "ಪಾಪ, ಅವರಿಗೆ ನನ್ನಿಂದ ದಿನಾ ಇದೇ ಉಪದ್ರ."

"ನಿಮ್ಮ ಅಪ್ಪ...?"

"ಮಲ್ಪೆಯಿಂದ ಮೀನಿಗೆ ಹೋದವರು ಬರಲೇ ಇಲ್ಲ. ಅಮ್ಮನೂ ನಿಮ್ಮ ಹಾಗೆಯೇ ಕಾದಳು. ಕಡೆಗೆ ಒಂದು ದಿನ, 'ಇದ್ದಾರೋ ಇಲ್ಲವೋ ನನಗೆ ಗೊತ್ತಿಲ್ಲ, ಹಸಿದುಕೊಂಡಿರುವುದು ಬೇಡ' ಅಂತ ಎಲೆ ಹಾಕಿದಳು."

ವಿನೋದಿನಿ ಆ ಎಲೆಯ ಎದುರು ಕುಳಿತಳು. 'ವರುಷವಿಡೀ ನಾನು ತಮ್ಮನಿಗೆ ಒಂದು ತುತ್ತೂ ಇಡಲಿಲ್ಲವಲ್ಲ...'

"ಬಂಗುಡೆ ಉಂಟಾ?" ಎಂದಳು.

"ಉಂಟು ಮಾರಾಯ್ರೆ."

ಅಂದಿನಿಂದ ಅವಳಿಗೆ ಆ ಅಡುಗೆಮನೆಯೇ ಜಾಗವಾಯಿತು. ಅವನು ಕಾಯಿ ತುರಿಯುವಾಗ ಅವಳು ಅಕ್ಷಯನ ತುಂಟಾಟಗಳನ್ನು ಹೇಳುವಳು. ಹೇಳುತ್ತ ಅಳುವಳು, ಅಳುತ್ತ ನಗುವಳು. ಬೆಳಗಿನ ಪ್ರಾರ್ಥನೆಯಲ್ಲಿ ಸುಂದ್ರವ್ವನ ಪಕ್ಕದಲ್ಲಿ ಅವಳೂ ಕೈ ಮುಗಿದಳು.

ಮರಳಿ ಬರುವಾಗ, ದೂರದಲ್ಲಿ ಮುಂಬಯಿಯ ಕಟ್ಟಡಗಳು ಕಂಡವು. ಅವಳು ತಾನೇ ಮಾಡಿದ ಪುಳಿಮುಂಚಿಯನ್ನು ಅಕ್ಷಯನಿಗೆಂದು ಹಾಸಿದ ಎಲೆಗೆ ಬಡಿಸಿದಳು. ಪಕ್ಕದಲ್ಲಿ ಸುಕೇಶನ ಅಪ್ಪನ ಎಲೆಯಿತ್ತು.

"ಮುಂಬಯಿಯಲ್ಲೂ ಈ ಎರಡು ಎಲೆ ಒಟ್ಟಿಗೆ ಇಡಬಹುದಾ?" ಸುಕೇಶ ತಲೆಯೆತ್ತದೆ ಕೇಳಿದ.

"ನಮ್ಮದು ಸಣ್ಣ ಅಡುಗೆಮನೆ."

"ನಾನು ಹೋಟೆಲಿನವ. ಸಣ್ಣ ಜಾಗ ನನಗೆ ಅಭ್ಯಾಸ."

"ಹಾಗಾದ್ರೆ ಬನ್ನಿ. ದಕ್ಷಿಣ ಯಾವ ಕಡೆ ಅಂತ ಅಲ್ಲಿ ಯಾರನ್ನೂ ಕೇಳೋದು ಬೇಡ, ನಾನು ತೋರಿಸ್ತೇನೆ."

ಇಬ್ಬರೂ ಎಲೆಗಳನ್ನು ಕಡಲಿಗೆ ಬಿಟ್ಟರು. ವಿನೋದಿನಿ ಕಣ್ಣು ಮುಚ್ಚಿದಳು.

"ದೇವರೇ, ನನ್ನ ತಮ್ಮ ಹೊಟ್ಟೆ ತುಂಬ ಉಣ್ಣಲಿ. ಅವನ ಆತ್ಮಕ್ಕೆ ಶಾಂತಿ ಕೊಡು."