ಎದುರಿಗಿಟ್ಟ ಕಾಯಿ

ಆಮೆ ತನ್ನ ಕಾಯಿಯನ್ನು ತಾನೇ ತಂದು ಗುಬ್ಬಿಯ ಬಾಯಿಗಿಟ್ಟಿತು. ನೋಡುತ್ತಿದ್ದ ಅವಳ ಎದೆ ಧಸಕ್ಕೆಂದಿತು.

ಗುಬ್ಬಿ ಅವಳು ಬರೆದ ಪ್ರೋಗ್ರಾಂ, ಆಮೆ ಅವನದು. ಒಂದೇ ಕೋಣೆಯಲ್ಲಿ ಬೆನ್ನಿಗೆ ಬೆನ್ನು ಹಾಕಿ ಕೂತು ಇಬ್ಬರೂ ತಂತಮ್ಮ ಕಂಪ್ಯೂಟರಿಗೆ ಎದುರಾಳಿಯ ಕಾಯಿಯ ಮೇಲಿಂದ ಹಾರಿ ಅದನ್ನು ಹೊಡೆಯುವ ಡ್ರಾಫ್ಟ್ಸ್ ಆಟ ಕಲಿಸಿದ್ದರು. ಇವತ್ತಿನದು ಕೊನೆಯ ಆಟ. ಗೆದ್ದ ಪ್ರೋಗ್ರಾಂ ಬರೆದವರು ಇಲ್ಲೇ ಉಳಿಯಬೇಕು, ಸೋತವರು ಸೋಮವಾರವೇ ದೂರದ ಊರಿನ ಆಫೀಸಿಗೆ ಹೊರಡಬೇಕು. ಆಫೀಸಿನ ಮುಖ್ಯಸ್ಥೆ ಮೇಡಂ ತೀರ್ಪು ಕೊಟ್ಟಾಗಿತ್ತು.

ಆಮೆಯದು ನಾಲ್ಕು ಕಾಯಿ, ಗುಬ್ಬಿಯದು ಮೂರು. ಅಂಥ ಆಮೆ ಸುಮ್ಮನೆ ಒಂದು ಕಾಯಿ ಕೊಟ್ಟಿತು. ಗುಬ್ಬಿ ಹೊಡೆಯಿತು. ಆಮೆ ಇನ್ನೊಂದನ್ನೂ ತಂದಿಟ್ಟಿತು.

ಅವಳು ಟಕ್ಕೆಂದು ಆಟ ನಿಲ್ಲಿಸಿದಳು.

“ಏನ್ರೀ ಇದು?”

ಅವನು ಗಾಬರಿಯಿಂದ ಕುರ್ಚಿ ತಿರುಗಿಸಿದ. “ಯಾಕೆ, ಏನಾಯ್ತು?”

“ನನಗೆ ಭಿಕ್ಷೆ ಹಾಕ್ತಿದ್ದೀರಾ? ಪಾಪ, ಹುಡುಗಿ ಇಲ್ಲೇ ಇರ್ಲಿ ಅಂತ ನಿಮ್ಮ ಆಮೆಗೆ ಸೋಲೋದು ಕಲಿಸಿದ್ರಾ?”

ಅವನ ಮುಖ ಬಿಳಿಚಿಕೊಂಡಿತು.

“ಕಲಿಸೋಣ ಅಂತ ಆಸೆ ಇತ್ತು,” ಎಂದ ಮೆಲ್ಲಗೆ. “ಆದ್ರೆ ಹಾಗೆ ಮಾಡಿದ್ರೆ ನೀವು ಮತ್ತೆ ನನ್ನ ಮುಖ ನೋಡ್ತಿರಲಿಲ್ಲ.”

ಕೊಡುವ ಕೈಯನ್ನೇ ಅನುಮಾನಿಸುವುದು ನಮ್ಮೆಲ್ಲರ ಗುಣ. ದೇವರು ಕೊಟ್ಟರೂ ಯಾಕೆ ಕೊಟ್ಟನೋ ಎನ್ನುತ್ತೇವೆ.

ಅವನು ಕಪಾಟಿನಿಂದ ಮರದ ಹಲಗೆ ತೆಗೆದು, ಪರದೆಯ ಮೇಲಿದ್ದಂತೆಯೇ ಕಾಯಿ ಜೋಡಿಸಿದ. “ನನಗೂ ಅರ್ಥ ಆಗ್ತಿಲ್ಲ. ಬನ್ನಿ, ಆಡಿಯೇ ನೋಡೋಣ. ಹೊಡೀರಿ.”

“ಹೊಡೆಯಲ್ಲ, ಹೋಗ್ರಿ.”

“ಹೊಡೆಯದೆ ಇರೋ ಹಾಗಿಲ್ಲ. ಎದುರಿಗೆ ಸಿಕ್ಕಿದ ಕಾಯಿ ಹೊಡೆಯಲೇಬೇಕು. ಈ ಆಟದ ಕಟ್ಟಳೆ ಅದೇ ಅಲ್ವಾ?”

ಅವಳು ಮುಖ ಊದಿಸಿಕೊಂಡೇ ಹೊಡೆದಳು. ಮೂಲೆಯಲ್ಲಿ ಭದ್ರವಾಗಿದ್ದ ಅವಳ ಕಾಯಿ ನಡುಬಯಲಿಗೆ ಬಂದು ನಿಂತಿತು. ಆಚೆ ಅಂಚು ಮುಟ್ಟಿ ಹಿಂದಕ್ಕೂ ನಡೆಯುವ ಬಲ ಪಡೆದಿದ್ದ ಅವನ ರಾಜ ಟಕ್, ಟಕ್, ಟಕ್ ಎಂದು ಅವಳ ಮೂರೂ ಕಾಯಿಗಳನ್ನು ಒಂದೇ ಉಸಿರಿಗೆ ದಾಟಿತು. ಅವಳ ಕಡೆ ಏನೂ ಉಳಿಯಲಿಲ್ಲ.

ಇಬ್ಬರೂ ದಂಗಾಗಿ ಹಲಗೆಯನ್ನೇ ನೋಡಿದರು.

“ಅಯ್ಯೋ ದೇವರೇ,” ಎಂದಳು. “ಭಿಕ್ಷೆ ಅಲ್ಲ, ಬಲೆ!”

“ನನ್ನಾಣೆ, ಇಂಥದ್ದು ನಾನು ಕಲಿಸಿಲ್ಲ. ತಾನೇ ಕಂಡುಕೊಂಡಿದೆ.” ಗೆದ್ದವನ ದನಿ ಅದಾಗಿರಲಿಲ್ಲ.

“ಹಾಗಾದ್ರೆ ಹೋಗೋಳು ನಾನೇ.”

ನಿಂತ ಆಟವನ್ನು ಅವಳೇ ಮತ್ತೆ ಶುರುಮಾಡಿದಳು. ಪರದೆಯ ಮೇಲೆ ಗುಬ್ಬಿ ಸೋಲುವುದನ್ನು ಇಬ್ಬರೂ ತಲೆಯೆತ್ತಿ ನೋಡಲಿಲ್ಲ. ಅವಳ ಬೆರಳು ಹಲಗೆಯ ಅಂಚಿನಲ್ಲಿತ್ತು. ಅವನು ತನ್ನ ರಾಜನನ್ನು ಸರಿಸುತ್ತ, ಸರಿಸುತ್ತ ತಂದು ಆ ಬೆರಳಿನ ಎದುರಿಗೇ ಇಟ್ಟ.

ಅವಳು ಓರೆಗಣ್ಣಿನಿಂದ ನೋಡಿದಳು. “ಇದೂ ಬಲೆಯಾ?”

“ಹೂಂ.”

“ಹೊಡೆಯದೆ ಇರೋ ಹಾಗಿಲ್ಲ, ಅಲ್ವಾ?”

“ಇಲ್ಲ.”

ಅವಳು ಕಾಯಿಯನ್ನು ಮುಷ್ಟಿಯಲ್ಲಿ ಹಿಡಿದು ಬ್ಯಾಗಿಗೆ ಹಾಕಿಕೊಂಡಳು. ಬಾಗಿಲವರೆಗೆ ಹೋಗಿ ನಿಂತಳು.

“ವಾಪಸ್ ಬೇಕಂದ್ರೆ ಆ ಊರಿಗೇ ಬರಬೇಕು. ಒಬ್ಬರೇ ಬರಬೇಡಿ. ನಿಮ್ಮ ಅಮ್ಮನನ್ನೂ ಕರ್ಕೊಂಡು ಬನ್ನಿ.”

ಈಗ ಧಸಕ್ಕೆಂದದ್ದು ಅವನ ಎದೆ.