ಲಿಸ್ಬನ್ನಿಗೆ ಕಳಿಸಿದವಳು

ಕಾಲು ಉಳುಕಿದ ಹುಡುಗಿಯೊಬ್ಬಳನ್ನು ಬೆನ್ನ ಮೇಲೆ ಹೊತ್ತುಕೊಂಡು ಅರಾಸೆಲಿ ಆ ಔಷಧಿ ಅಂಗಡಿಗೆ ನುಗ್ಗಿದಾಗ, ಅದು ಕೆಂಪು ತಂಡದವರ ಬೀದಿ ಅನ್ನುವುದು ಅವಳಿಗೆ ಮರೆತೇ ಹೋಗಿತ್ತು. ಇಬ್ಬರ ಮೈಮೇಲೂ ಹಸಿರು ಪಟ್ಟೆಯ ಜೆರ್ಸಿ.

ಕೌಂಟರಿನ ಹಿಂದಿದ್ದವನು ಮೊದಲು ಹುಡುಗಿಯ ಕಾಲು ನೋಡಿದ. ಆಮೇಲೆ ಜೆರ್ಸಿ ನೋಡಿದ. ಆಮೇಲೆ ಅರಾಸೆಲಿಯನ್ನು ನೋಡಿದ; ಅಲ್ಲಿಂದ ಅವನ ಕಣ್ಣು ಬೇಗ ಕದಲಲಿಲ್ಲ.

“ಈ ಬಣ್ಣಕ್ಕೆ ನಮ್ಮಲ್ಲಿ ಔಷಧಿ ಇಲ್ವಲ್ಲ,” ಅಂದ, ತೀರಾ ಗಂಭೀರವಾಗಿ. “ಹುಟ್ಟಿನಿಂದ ಬಂದ ಕಾಯಿಲೆ ಅದು.”

“ಕಾಯಿಲೆ ಯಾರಿಗೆ ಅಂತ ಭಾನುವಾರದ ಮ್ಯಾಚಲ್ಲಿ ಗೊತ್ತಾಗತ್ತೆ. ಈಗ ಬ್ಯಾಂಡೇಜ್ ಕೊಡಿ.”

ಅವನು ಬೇಕಂತಲೇ ಕೆಂಪು ಬಣ್ಣದ ಪಟ್ಟಿ ತೆಗೆದು ಸುತ್ತಿದ. ಹುಡುಗಿ ನೋವು ಮರೆತು ಕಿರುಚಿದಳು. ಅರಾಸೆಲಿ ಬೈಯಲು ಬಾಯಿ ತೆರೆದವಳು, ಆ ಬೆರಳುಗಳು ಮಗುವಿನ ಹಿಮ್ಮಡಿಯನ್ನು ಎಷ್ಟು ನಾಜೂಕಾಗಿ ಹಿಡಿದಿವೆ ಎಂದು ನೋಡಿ ಸುಮ್ಮನಾದಳು.

ಅವನ ಹೆಸರು ಲಿಯಾಂಡ್ರೊ. ಮುಂದಿನ ವಾರ ಅವಳು ಕಾರಣವಿಲ್ಲದೆ ಕೆಮ್ಮಿನ ಔಷಧಿ ಕೊಳ್ಳಲು ಹೋದಳು.

“ಕೆಮ್ಮಿ ತೋರ್ಸಿ,” ಅಂದ ಅವನು.

ಅವಳು ಕೆಮ್ಮಿದಳು. ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಸ್ಪೇನಿನ ಸೆವಿಯಾದಲ್ಲಿ ಮನೆಗಳಿಗೆ ಫುಟ್‌ಬಾಲ್ ಕ್ಲಬ್ಬಿನ ಬಣ್ಣ ಹುಟ್ಟಿನಿಂದಲೇ ಬರುತ್ತದೆ. ಅರಾಸೆಲಿ ಹೊಳೆಯಾಚೆಯ ತ್ರಿಯಾನದವಳು, ಮೂರು ತಲೆಮಾರಿನ ಹಸಿರು. ಅದೇ ಕ್ಲಬ್ಬಿನ ಪುಟ್ಟ ಹುಡುಗಿಯರ ತಂಡಕ್ಕೆ ಆಟ ಕಲಿಸುತ್ತಿದ್ದಳು. ಲಿಯಾಂಡ್ರೊನ ಅಪ್ಪ ಬಲ್ತಸಾರ್ ಅವರಿಗೆ ರಕ್ತ ಕೆಂಪಾಗಿರುವುದೇ ಎದುರಾಳಿ ಕೆಂಪು ಕ್ಲಬ್ಬಿನ ಕಾರಣಕ್ಕೆ. ಅವರ ಕಣ್ಣು ಹೋಗಿ ಕೆಲವು ವರ್ಷಗಳಾಗಿದ್ದವು. ಮೊದಲ ಸಲ ಅರಾಸೆಲಿ ಆ ಮನೆಗೆ ಹೋದದ್ದು ಮೈದಾನದಿಂದ ನೇರವಾಗಿ, ಹಸಿರು ಜೆರ್ಸಿಯಲ್ಲೇ.

“ಹುಡುಗಿ ನಮ್ಮವಳೇ ತಾನೆ?” ಅಂದರು ಬಲ್ತಸಾರ್.

ಲಿಯಾಂಡ್ರೊ ಅವಳತ್ತ ನೋಡಿ ಕಣ್ಣು ಮಿಟುಕಿಸಿದ. “ನಮ್ಮವಳೇ, ಅಪ್ಪ.”

ಮುದುಕರು ಸಂತೋಷದಿಂದ ಕೈ ಚಾಚಿದರು. ಅವಳು ಆ ಕೈ ಹಿಡಿದಳು. ಆಗ ಅದು ತಮಾಷೆಯಾಗಿತ್ತು. ಆದರೆ ಅವರು ಹಾಕಿದ ಆಲಿವ್ ತಿಂದು, ಅವರ ಹಳೆಯ ಗೆಲುವುಗಳ ಕಥೆ ಕೇಳಿ, ಪ್ರತಿ ಸಲ ಮೆಟ್ಟಿಲಿಳಿಯುವಾಗಲೂ ಅದರೊಳಗಿನ ತಮಾಷೆ ಸ್ವಲ್ಪ ಸ್ವಲ್ಪವೇ ಕರಗುತ್ತಾ ಹೋಯಿತು.

ಆ ವರ್ಷದ ಮೇ ತಿಂಗಳಲ್ಲಿ ನಗರಕ್ಕೇ ಜ್ವರ ಹಿಡಿಯಿತು. ಹಸಿರಿನವರು ಲೀಗಿನಲ್ಲಿ ಎಂದೂ ಇಲ್ಲದಷ್ಟು ಚೆನ್ನಾಗಿ ಆಡಿ, ಮುಂದಿನ ವರ್ಷ ಯುರೋಪಿನ ದೊಡ್ಡ ಟೂರ್ನಿಗೆ ಹೋಗುವ ತಂಡಗಳ ಸಾಲಿನಲ್ಲಿ ಕೊನೆಯ ಜಾಗ ಹಿಡಿದಿದ್ದರು. ಕೆಂಪಿನವರು ಲೀಗಿನಲ್ಲಿ ಎಲ್ಲೋ ಕೆಳಗಿದ್ದರು. ಆದರೆ ಯುರೋಪಿನ ಕಪ್ಪಿನಲ್ಲಿ ಒಬ್ಬೊಬ್ಬರನ್ನೇ ಮಣಿಸಿ ಲಿಸ್ಬನ್ನಿನ ಫೈನಲ್ ತಲುಪಿದ್ದರು. ಕಪ್ ಗೆದ್ದರೆ ಅವರಿಗೆ ಆ ದೊಡ್ಡ ಟೂರ್ನಿಗೆ ನೇರ ಪ್ರವೇಶ. ದೇಶಕ್ಕೆ ಇದ್ದದ್ದೇ ಎಣಿಸಿದಷ್ಟು ಜಾಗ. ಅವರು ಒಳಗೆ ಬಂದರೆ ಸಾಲಿನ ತುದಿಯಲ್ಲಿದ್ದ ಹಸಿರು ಹೊರಗೆ.

“ಒಂದಿಡೀ ವರ್ಷ ಬೆವರು ಸುರಿಸಿದ್ದು ನಾವು,” ಅರಾಸೆಲಿ ಹೇಳುತ್ತಿದ್ದಳು, “ನಮ್ಮ ಹಣೆಬರಹ ಬರೆಯೋದು ನಿಮ್ಮವರ ಒಂದು ಸಂಜೆ!”

“ಪಾಪ,” ಅನ್ನುತ್ತಿದ್ದ ಲಿಯಾಂಡ್ರೊ, ಅವಳ ಮೂಗಿನ ತುದಿ ಮುಟ್ಟಿ. “ಟಿವಿಲಿ ನೋಡಿ ನಮ್ಮನ್ನ.”

ಅವಳು ನಗುತ್ತಿದ್ದಳು. ಒಂದು ವಿಷಯವನ್ನು ಮಾತ್ರ ಅವನಿಗೆ ಹೇಳಿರಲಿಲ್ಲ. ಯುರೋಪಿಗೆ ಹೋದರೆ ಹುಡುಗಿಯರ ತಂಡ ಉಳಿಯುತ್ತದೆ, ಇಲ್ಲವಾದರೆ ಬೇಸಿಗೆಗೇ ಮುಚ್ಚಬೇಕಾಗುತ್ತದೆ ಎಂದು ಕ್ಲಬ್ಬಿನವರು ಅವಳನ್ನು ಕರೆದು ಹೇಳಿದ್ದರು. ಪ್ರತಿ ಸಂಜೆ ಶೂ ಲೇಸು ಕಟ್ಟಿಸಿಕೊಳ್ಳಲು ಕಾಲು ಮುಂದೆ ಚಾಚುವ ಆ ಮಕ್ಕಳ ಮುಖವನ್ನು ಅವಳಿಗೆ ನೇರವಾಗಿ ನೋಡಲಾಗುತ್ತಿರಲಿಲ್ಲ.

ಇನ್ನೊಂದು ವಿಷಯ ಇಡೀ ಕೆಂಪು ಬೀದಿಗೆ ಗೊತ್ತಿತ್ತು. ಲಿಯಾಂಡ್ರೊ ಅಪ್ಪನ ಪಕ್ಕ ಕೂತು, ಟಿವಿ ನೋಡುತ್ತಾ, ಚೆಂಡಿನ ಹೆಜ್ಜೆ ಹೆಜ್ಜೆಯನ್ನೂ ಬಾಯಲ್ಲಿ ಹೇಳುತ್ತಿದ್ದ. ರೇಡಿಯೋದವನು ಬರೀ ಅರಚುತ್ತಾನೆ, ಆಟ ಹೇಳುವುದಿಲ್ಲ ಎನ್ನುವುದು ಬಲ್ತಸಾರ್ ಅವರ ದೂರು. ಹೀಗೆ ಮಗ ಆಟ ಹೇಳಿದ ಒಂದು ಕಪ್ ಪಂದ್ಯವನ್ನೂ ಕೆಂಪಿನವರು ಸೋತಿರಲಿಲ್ಲ. ಅವನಿಗೆ ಗಂಟಲು ಕಟ್ಟಿದರೆ ಎದುರುಮನೆಯ ಪಕೀತ ಅಜ್ಜಿ ಸೂಪು ಮಾಡಿ ಕಳಿಸುತ್ತಿದ್ದಳು.

ಅರಾಸೆಲಿಗೆ ಇಂಥದ್ದರಲ್ಲೆಲ್ಲ ನಂಬಿಕೆ ಇರಲಿಲ್ಲ.

ಆದರೂ ಲಿಸ್ಬನ್ನಿನ ಹೋಟೆಲಿನಲ್ಲಿ ಕೆಲಸ ಮಾಡುವ ಚಿಕ್ಕಮ್ಮನ ಮಗಳಿಗೆ ಫೋನ್ ಮಾಡಿ, ಕಾಡಿ ಬೇಡಿ, ಫೈನಲ್ಲಿನ ಒಂದು ಟಿಕೆಟ್ ತರಿಸಿದಳು. ಒಂದೇ ಒಂದು.

ಲಿಯಾಂಡ್ರೊ ಟಿಕೆಟ್ಟನ್ನೂ ಅವಳನ್ನೂ ಬದಲಿಸಿ ಬದಲಿಸಿ ನೋಡಿದ. ಕಣ್ಣು ತುಂಬಿಕೊಂಡಿತು. “ಹಸಿರಿನವಳಾಗಿ ನನಗೆ ಇದನ್ನ ತಂದುಕೊಟ್ಟೆಯಾ?” ಮರುಕ್ಷಣ ಮುಖ ಸಣ್ಣದಾಯಿತು. “ಅಪ್ಪನಿಗೆ ಆಟ ಹೇಳೋರ್ಯಾರು?”

“ನಾನು ಹೇಳ್ತೀನಿ. ಹೋಗು ನೀನು.”

ಅವನು ಅವಳನ್ನು ನೆಲದಿಂದ ಎತ್ತಿ ತಬ್ಬಿಕೊಂಡ. ಅವನ ಭುಜದ ಮೇಲೆ ಗಲ್ಲವೂರಿದ ಅರಾಸೆಲಿಗೆ ತನ್ನ ಒಳಗನ್ನು ತಾನೇ ನೋಡಿಕೊಳ್ಳಲು ಹೆದರಿಕೆಯಾಯಿತು. ಈ ಉಡುಗೊರೆಯಲ್ಲಿ ಅರ್ಧ ಪ್ರೀತಿ. ಉಳಿದರ್ಧ, ಅಪ್ಪನ ಪಕ್ಕದ ಆ ಕುರ್ಚಿಯಿಂದ ಅವನನ್ನು ಎಬ್ಬಿಸುವ ಆಸೆ.

ಫೈನಲ್ ಶುರುವಾದಾಗ ಎದುರುಮನೆಯ ಗೋಡೆಯ ಮೇಲೆ ಇನ್ನೂ ಬಿಸಿಲಿತ್ತು. ಬಲ್ತಸಾರ್ ಇಸ್ತ್ರಿ ಮಾಡಿದ ಶರಟು ಹಾಕಿ, ಕೆಂಪು ಮಫ್ಲರ್ ಸುತ್ತಿ, ಮದುವೆಗೆ ಹೊರಟವರಂತೆ ಕೂತಿದ್ದರು. ಪಕ್ಕದ ಕುರ್ಚಿಯಲ್ಲಿ ಅರಾಸೆಲಿ.

“ಹೇಳು ಮಗಳೇ. ಒಂದೂ ಬಿಡಬೇಡ.”

ಅವಳು ಹೇಳಿದಳು. ಪ್ರಾಮಾಣಿಕವಾಗಿಯೇ ಹೇಳಿದಳು. “ನಮ್ಮವರು ಎಡಗಡೆಯಿಂದ ಬರ್ತಿದಾರೆ… ನಮ್ಮವರಿಗೆ ಕಾರ್ನರ್…” ಒಂದೊಂದು ‘ನಮ್ಮವರು’ ಕೂಡ ಬಿಸಿ ತುತ್ತಿನಂತೆ ನಾಲಿಗೆ ಸುಡುತ್ತಿತ್ತು. ಕೆಂಪಿನವರು ಗೋಲು ಹೊಡೆದಾಗ ಕಟ್ಟಡವೇ ಅಲುಗಿತು. ಬಲ್ತಸಾರ್ ಅವಳ ಕೈಯನ್ನು ತುಟಿಗೊತ್ತಿಕೊಂಡರು. “ನಿನ್ನ ಬಾಯಿ ಬಂಗಾರದ್ದು. ನನ್ನ ಮಗನ್ನ ಇನ್ಮೇಲೆ ಮನೆಗೇ ಸೇರಿಸಲ್ಲ.” ಅವಳಿಗೆ ಅಳು ಬಂತು. ಅವರು ಅದನ್ನು ಆನಂದಬಾಷ್ಪ ಅಂದುಕೊಂಡರು.

ಕೊನೆಯ ಗಳಿಗೆಯಲ್ಲಿ ಎದುರಾಳಿ ಜರ್ಮನಿಯ ತಂಡ ಗೋಲು ಹೊಡೆದು ಸಮ ಮಾಡಿತು. ಹೆಚ್ಚುವರಿ ಆಟವೂ ಮುಗಿದು ಪೆನಾಲ್ಟಿಗೆ ಬಂತು. ಒಬ್ಬೊಬ್ಬರೇ ಬಂದರು, ಹೊಡೆದರು. ಅರಾಸೆಲಿಯ ಕಣ್ಣ ಮುಂದೆ ಟಿವಿ ಇರಲಿಲ್ಲ, ಸಂಜೆಯ ಮೈದಾನದಲ್ಲಿ ಚಾಚಿದ ಪುಟ್ಟ ಪುಟ್ಟ ಕಾಲುಗಳಿದ್ದವು. ಕೆಂಪಿನವರ ಐದನೆಯ ಆಟಗಾರ ಚೆಂಡಿಟ್ಟ. ಇವನು ತಪ್ಪಿದರೆ ಕೆಂಪಿನವರ ಕಥೆ ಮುಗಿಯಿತು.

“ಅವರ ಹುಡುಗ ಬಂದ,” ಅಂದಳು. “ಓಡಿದ… ಹೊಡೆದ… ಕಂಬ! ಕಂಬಕ್ಕೆ ಬಡೀತು!”

ಬಲ್ತಸಾರ್ ಎರಡೂ ಕೈ ಮೇಲೆತ್ತಿ ಎದ್ದು ನಿಂತರು.

ಪೆನಾಲ್ಟಿಗಳ ಎಣಿಕೆ ಅವರಿಗೆ ತಪ್ಪಿತ್ತೋ, ಅವಳ ದನಿಯಲ್ಲಿ ಉಕ್ಕಿದ ಸಂತೋಷವನ್ನೇ ನಂಬಿಬಿಟ್ಟರೋ. ಕಾಣದ ಕಣ್ಣುಗಳು ಹೊಳೆಯುತ್ತಿದ್ದವು. “ಗೆದ್ವಿ! ಲಿಯಾಂಡ್ರೊ ಅಲ್ಲೇ ಇದಾನೆ! ನನ್ನ ಮಗ ನೋಡಿದ!” ಎನ್ನುತ್ತಿದ್ದರು. ಮಫ್ಲರ್ ಜಾರಿ ನೆಲಕ್ಕೆ ಬಿತ್ತು.

ಆಗ ಅರಾಸೆಲಿಗೆ ತಾನು ಏನಂದೆ ಎನ್ನುವುದು ಕೇಳಿಸಿತು. ‘ನಮ್ಮ ಹುಡುಗ’ ಅನ್ನಬೇಕಾದಲ್ಲಿ, ಅವರ ಹುಡುಗ.

ಮುದುಕರ ಕೈಗಳು ಗಾಳಿಯಲ್ಲೇ ನಿಂತವು. ತಲೆ ಓರೆ ಮಾಡಿ ಆಲಿಸಿದರು. “ಕೆಳಗೆ ಬೀದಿ ಯಾಕೆ ಸುಮ್ನಿದೆ?”

ಹೊಳೆಯಾಚೆಯಿಂದ ಪಟಾಕಿಯ ಸದ್ದು ತೇಲಿ ಬಂತು.

“ಸೋತ್ವಿ,” ಅಂದಳು. ಮತ್ತೆ ತಿದ್ದಿಕೊಂಡಳು. “ನೀವು ಸೋತ್ರಿ. ನಾನು… ನಾನು ತ್ರಿಯಾನದವಳು, ಬಲ್ತಸಾರ್ ಅವರೇ. ಮೊದಲಿನಿಂದಲೂ.”

ಅವರು ಮೆಲ್ಲಗೆ ಕುರ್ಚಿಗೆ ಇಳಿದರು. ಅವಳು ಎಲ್ಲವನ್ನೂ ಹೇಳಿದಳು. ಹುಡುಗಿಯರ ತಂಡ, ಟಿಕೆಟ್ಟು, ಮಗನನ್ನು ಈ ಕುರ್ಚಿಯಿಂದ ಎಬ್ಬಿಸಿದ್ದು.

“ನನ್ನ ಮಗನ ನಾಲಿಗೆಗೆ ಕಪ್ ಗೆಲ್ಲೋ ಶಕ್ತಿ ಇದ್ದಿದ್ರೆ ಅವನು ಔಷಧಿ ಯಾಕೆ ಮಾರ್ತಿದ್ದ?” ಎಂದರು ಬಲ್ತಸಾರ್. ನಗಲಿಲ್ಲ. “ಸೋಲು ನನಗೆ ಹೊಸದಲ್ಲ. ಆದ್ರೆ ಈಗ ಒಂದು ಚೂರು ಹೊತ್ತು ಗೆದ್ದಿದ್ದೆ ನೋಡು. ಅದನ್ನ ನೀನು ಕೊಡಬಾರದಿತ್ತು.”

ಅವಳು ನೆಲದ ಮೇಲಿದ್ದ ಮಫ್ಲರ್ ಎತ್ತಿ ಅವರ ತೊಡೆಯ ಮೇಲಿಟ್ಟಳು.

“ಕಿಟಕಿ ಹಾಕು,” ಅಂದರು. “ನಿಮ್ಮವರ ಗಲಾಟೆ ಜಾಸ್ತಿ ಆಯ್ತು.”

ಬೆಳಿಗ್ಗೆ ಲಿಸ್ಬನ್ನಿನಿಂದ ಬಸ್ಸುಗಳು ಬಂದವು. ಕೆಂಪು ಜೆರ್ಸಿಯವರು ಮುಖ ಊದಿಸಿಕೊಂಡು ಒಬ್ಬೊಬ್ಬರೇ ಇಳಿದರು. ಲಿಯಾಂಡ್ರೊ ನಿಲ್ದಾಣದಲ್ಲಿ ಕಾಯುತ್ತಿದ್ದ ಅರಾಸೆಲಿಯನ್ನು ಕಂಡವನೇ ನಡೆದು ಬಂದು ಅವಳ ಹೆಗಲಿಗೆ ಹಣೆ ಒತ್ತಿದ.

“ಅಪ್ಪ ಹೇಗಿದಾರೆ? ಕಂಬಕ್ಕೆ ಬಡಿದಾಗ, ಪಕ್ಕದಲ್ಲಿ ನೀನಿದೀಯಲ್ಲ ಅನ್ನೋದೊಂದೇ ಧೈರ್ಯ ನನಗೆ.”

ಅವಳು ಅವನ ತೋಳಿನಿಂದ ಬಿಡಿಸಿಕೊಂಡಳು. ಇನ್ನೊಂದು ಕ್ಷಣ ಅಲ್ಲೇ ಇದ್ದರೆ ಹೇಳುವುದಕ್ಕೇ ಆಗುವುದಿಲ್ಲ ಎನಿಸಿತು. ಅಲ್ಲೇ, ಜನರ ನಡುವೆಯೇ, ಹೇಳಿದಳು. ಅಪ್ಪ ಎದ್ದು ನಿಂತದ್ದನ್ನು ಹೇಳುವಾಗ ದನಿ ಒಡೆಯಿತು.

ಲಿಯಾಂಡ್ರೊ ಬೆಂಚಿನ ಮೇಲೆ ಕೂತ. “ಕೈ ಮೇಲೆತ್ತಿದ್ರಾ?”

“ಎರಡೂ.”

ಅವನು ಮುಖ ಮುಚ್ಚಿಕೊಂಡ. ಕೈ ತೆಗೆಯದೆಯೇ ಕೇಳಿದ, “ಹುಡುಗಿಯರ ವಿಷಯ ನನಗೆ ಯಾಕೆ ಹೇಳಲಿಲ್ಲ?”

“ಹೇಳಿದ್ರೆ ನೀನು ನಿಮ್ಮವರಿಗೆ ಮನಸಾರೆ ಕೂಗ್ತಿರಲಿಲ್ಲ.”

“ನಿನಗೆ ಸಂತೋಷ ಆಯ್ತಾ? ನಾವು ಸೋತಾಗ?”

ಸುಳ್ಳು ಹೇಳಲು ಇನ್ನು ಶಕ್ತಿಯಿರಲಿಲ್ಲ. “ಆಯ್ತು.”

“ಎಷ್ಟು?”

“ತುಂಬಾ.”

ಅವನು ತಲೆಯೆತ್ತಿದ. ಕಣ್ಣು ಕೆಂಪಾಗಿದ್ದವು, ತುಟಿ ಮಾತ್ರ ಏನೋ ಮಾಡಲು ಹೊರಟು ನಿಂತಂತಿತ್ತು. “ಹಾಗಾದ್ರೆ ನಂದೂ ಕೇಳು. ಚೆಂಡು ಕಂಬಕ್ಕೆ ಬಡೀತು. ನನ್ನ ಸುತ್ತ ಎಲ್ಲರೂ ಕುಸಿದು ಕೂತ್ರು. ನನಗೆ ಅಳು ಬರೋಕೆ ಮೊದಲು ಏನನ್ನಿಸ್ತು ಗೊತ್ತಾ? ಸದ್ಯ, ಅರಾಸೆಲಿ ಮನೇಲಿ ಇವತ್ತು ಹಬ್ಬ. ಅಷ್ಟೇ ಅನ್ನಿಸಿದ್ದು. ಆಮೇಲೆ ಬಸ್ಸಲ್ಲಿ ಸ್ನೇಹಿತರ ಮುಖ ನೋಡೋಕಾಗಲಿಲ್ಲ. ನಿದ್ದೆ ಬಂದವನ ಥರ ಕಣ್ಣು ಮುಚ್ಚಿ ಕೂತಿದ್ದೆ. ಇದನ್ನ ಯಾರಿಗೆ ಹೇಳ್ಲಿ ನಾನು?”

ಅರಾಸೆಲಿ ಅವನ ಪಕ್ಕ ಕೂತಳು. ಇಬ್ಬರ ಮೊಣಕೈ ತಾಗಿದವು. ಯಾರೂ ಸರಿಸಿಕೊಳ್ಳಲಿಲ್ಲ.

“ಅಪ್ಪನಿಗೆ ಮಾಡಿದ್ದನ್ನ ಬೇಗ ಮರೆಯಲ್ಲ ನಾನು,” ಅಂದ ಅವನು.

“ಮರೀಬೇಡ.”

“ಮತ್ತೆ… ನೀನಿಲ್ದೇ ಇರೋಕೂ ಆಗಲ್ಲ. ಅದೇ ಕೋಪ ನನಗೆ.”

ಅವಳು ಅವನ ಕಡೆ ತಿರುಗಿದಳು. ರಾತ್ರಿಯಿಡೀ ಬಸ್ಸಿನಲ್ಲಿ ಬಂದವನ ಗಡ್ಡ ಚುಚ್ಚುತ್ತದೆ ಎಂದು ಗೊತ್ತಿದ್ದೂ ಆ ಕೆನ್ನೆಗೆ ಕೆನ್ನೆ ಇಟ್ಟಳು. ಹಾದುಹೋಗುತ್ತಿದ್ದ ಕೆಂಪು ಜೆರ್ಸಿಯವನೊಬ್ಬ, “ಅಳಬೇಡಿ ಮಕ್ಕಳೇ, ಮುಂದಿನ ವರ್ಷ ನಮ್ದೇ,” ಎಂದು ಇಬ್ಬರ ತಲೆಯನ್ನೂ ಸವರಿ ಹೋದ. ಅವನು ದೂರ ಹೋಗುವವರೆಗೂ ಇಬ್ಬರೂ ತುಟಿ ಕಚ್ಚಿಕೊಂಡಿದ್ದರು.

ಮನೆಯ ಬಾಗಿಲನ್ನು ಬಲ್ತಸಾರ್ ಅವರೇ ತೆರೆದರು. ಮೊದಲು ಮಗನ ಮುಖವನ್ನು ಎರಡೂ ಕೈಯಿಂದ ತಡವಿದರು. “ನೋಡಿದೆಯಲ್ಲ. ಸಾಕು.” ಆಮೇಲೆ ಅವನ ಹಿಂದಿನ ಉಸಿರು ಕೇಳಿಸಿತು.

“ನಾನು, ಅರಾಸೆಲಿ,” ಅಂದಳು. “ಹಸಿರಿನವಳು. ನಿಮ್ಮ ಮಗನನ್ನ ಮದುವೆ ಆಗ್ಬೇಕು ಅಂತಿದೀನಿ.”

“ನನ್ನನ್ನ ಕೇಳೇ ಇಲ್ಲ ಇವಳು,” ಅಂದ ಲಿಯಾಂಡ್ರೊ ಮೆಲ್ಲಗೆ.

“ನೀನು ಸುಮ್ನಿರು.” ಮುದುಕರು ಬಾಗಿಲ ಚೌಕಟ್ಟು ಹಿಡಿದು ನಿಂತರು. ಅರಾಸೆಲಿ ತಲೆ ತಗ್ಗಿಸಿದಳು, ಅವರಿಗೆ ಅದು ಕಾಣುವುದಿಲ್ಲ ಎಂದು ಗೊತ್ತಿದ್ದೂ.

“ಇವತ್ತು ಬೈಯೋಕೆ ನನ್ನಲ್ಲಿ ಶಕ್ತಿ ಇಲ್ಲ,” ಎಂದರು ಕೊನೆಗೆ. “ನಾಳೆ ಬಾ, ಬೈತೀನಿ.”

“ಬರ್ತೀನಿ.”

“ನಾಡಿದ್ದೂ ಬಾ. ಒಂದು ದಿನಕ್ಕೆಲ್ಲ ಮುಗಿಯೋ ಬೈಗುಳ ಅಲ್ಲ ಇದು.”