ಕೇಳದೆ ಬರೆದ ಸಾಲುಗಳು

“ಮುಟ್ಟಬ್ಯಾಡ್ರಿ!”

ಪಂಚಶೀಲಾ ಕೂಗುವಷ್ಟರಲ್ಲಿ ಆತ ಓವನ್ನಿನ ಬಾಗಿಲಿಗೆ ಕೈ ಹಾಕಿಯೇ ಬಿಟ್ಟಿದ್ದ. ಮರುಕ್ಷಣ ಬೆರಳು ಸುಟ್ಟುಕೊಂಡು ಹಿಂದೆ ಸರಿದ.

ಅವಳು ಅವನ ಮುಂಗೈ ಹಿಡಿದು ನಲ್ಲಿಯ ಕೆಳಗೆ ಎಳೆದೊಯ್ದಳು.

“ಕಾಯಾಕತ್ತದ ಅಂತ ಕಾಣಂಗಿಲ್ಲೇನ್ರಿ? ಯಾರ್ರಿ ನೀವು?”

“ಧೀರೇಂದ್ರ ಅಂತರಿ. ಅಫಜಲಪುರದ ಕಾಲೇಜಿನಾಗ ಎಲೆಕ್ಟ್ರಾನಿಕ್ಸ್ ಕಲಸ್ತೇನಿ. ಆಳಂದದಾಗ ಯಾರೋ ಕೇಕ್ ಸುಡೋ ಓವನ್ನಿನಾಗ ಸರ್ಕಿಟ್ ಬೋರ್ಡ್ ಬೆಸೀತಾರಂತ ಕೇಳಿ ಬಂದೆ...”

“ನೋಡಿದ್ರಲ್ಲ?” ಎಂದಳು ಗಡುಸಾಗಿ. ಹಿಡಿದ ಕೈ ಬಿಡುವುದನ್ನು ಮಾತ್ರ ಮರೆತಿದ್ದಳು!

ನಿಂಬರ್ಗಾದ ಪಂಚಶೀಲಾ ಆಳಂದದ ಪುಟ್ಟ ಮಳಿಗೆಯಲ್ಲಿ, ಬೋರ್‌ವೆಲ್ ಮೋಟರು ಸುಡದಂತೆ ಕಾಯುವ ಬೋರ್ಡುಗಳನ್ನು ಮಾಡುತ್ತಿದ್ದಳು. ಬೋರ್ಡಿಗೆ ಬೆಸುಗೆಯ ಪೇಸ್ಟ್ ಹಚ್ಚಿ, ಸಾಸಿವೆಯಂಥ ಬಿಡಿಭಾಗಗಳನ್ನು ಕೂರಿಸಿ ಓವನ್ನಿನಲ್ಲಿಟ್ಟರೆ ಬೆಸುಗೆ ಕರಗಿ ಹಿಡಿದುಕೊಳ್ಳುತ್ತದೆ. ಶಾಖ ಯಾವಾಗ ಏರಬೇಕು, ಯಾವಾಗ ಇಳಿಯಬೇಕು ಎಂದು ಹೇಳುವ ಫರ್ಮ್‌ವೇರನ್ನು ಅವಳೇ ಬರೆದಿದ್ದಳು.

ಆಮೇಲೆ ಭಾನುವಾರ ಬಂತೆಂದರೆ ಧೀರೇಂದ್ರನೂ ಬಂದ. ಇಬ್ಬರೂ ಒಂದೇ ಲ್ಯಾಪ್‌ಟಾಪಿನ ಮುಂದೆ ಕೂತು ಕೋಡ್ ತಿದ್ದಿದರು, ಜಗಳವಾಡಿದರು, ನಕ್ಕರು. ಮನದ ಮಾತು ಮಾತ್ರ ಯಾರ ಬಾಯಿಂದಲೂ ಬರಲಿಲ್ಲ.

‘ನಾನು ಬೌದ್ಧರ ಮನೆಯ ಮಗಳು... ಅವರ ಮನೆಯವರು ಏನಂದಾರು?’ ಎಂದು ಅವಳ ಮನಸ್ಸು ಹಿಂಜರಿಯುತ್ತಿತ್ತು.

ಅಂಥ ಒಂದು ಭಾನುವಾರ ಸಂಜೆ ಜೇವರ್ಗಿಯ ರೈತ ಸಂಘದವರು ಬೋರ್ಡು ನೋಡಲು ಬರುವವರಿದ್ದರು. ಅವರು ಒಪ್ಪಿದರೆ ಮಳಿಗೆ ಉಳಿಯುತ್ತದೆ, ಇಲ್ಲವಾದರೆ ಬಾಗಿಲು ಮುಚ್ಚಬೇಕು.

ಬೋರ್ಡುಗಳು ಓವನ್ನಿನೊಳಗಿದ್ದವು. ಬೆಸುಗೆ ಕರಗುವ ಮೊದಲೇ ಓವನ್ ತಾನಾಗಿ ಆರಿಹೋಯಿತು! ಮತ್ತೆ ಚಾಲೂ ಮಾಡಿದಳು. ಮತ್ತೆ ಆರಿತು.

ಲ್ಯಾಪ್‌ಟಾಪಿನಲ್ಲಿ ಕೋಡ್ ತೆರೆದಳು. ತಾನು ಬರೆಯದ ಸಾಲುಗಳು! ಸೆನ್ಸರಿನಲ್ಲಿ ಶಾಖ ಏರದಿದ್ದರೆ ಓವನ್ ಬಂದ್ ಮಾಡು ಎನ್ನುವ ಸಾಲುಗಳು.

‘ಕರೆಂಟು ಕಡಿಮೆಯಿದ್ದಾಗ ಓವನ್ ನಿಧಾನ ಕಾಯುತ್ತದೆ. ಅಷ್ಟೂ ಗೊತ್ತಿಲ್ಲವೇ ಧೀರೇಂದ್ರರಿಗೆ?’

ತಕ್ಷಣ ಫೋನ್ ಮಾಡಿದಳು.

“ನನ್ನ ಕೋಡಿಗೆ ಕೈ ಹಾಕಿದ್ರೇನು?”

“ಪಂಚಶೀಲಾ... ಹೇಳಬೇಕಂತಿದ್ದೆ...”

“ನಮ್ಮಂಥವರು ಮಾಡಿದ್ದು ಸರಿ ಇರತದ ಅಂತ ನಿಮ್ಮಂಥವರಿಗೆ ನಂಬಿಕಿನೇ ಬರಂಗಿಲ್ಲಲ್ಲ!”

ಆ ಕಡೆ ಬೈಕು ಚಾಲೂ ಆದ ಸದ್ದು.

“ನಿಂಬರ್ಗಾ ದಾಟೀನಿ, ಬರಾಕತ್ತೇನಿ. ಅಲ್ಲೀತನಕ ಚಾಲೂ ಮಾಡಬ್ಯಾಡ್ರಿ.”

ಅವಳು ಫೋನ್ ಕತ್ತರಿಸಿದಳು. ಅವನ ಸಾಲುಗಳನ್ನೆಲ್ಲ ಅಳಿಸಿದಳು. ಓವನ್ ಚಾಲೂ ಮಾಡಿದಳು.

ಪರದೆಯ ಮೇಲೆ ಶಾಖದ ಅಂಕಿ ಅಲುಗಲಿಲ್ಲ. ಆದರೆ ಗಾಜಿನಾಚೆ ಕಂಬಿಗಳು ಕೆಂಡದಂತೆ ಕೆಂಪಾದವು...

“ಮಗಳಾ, ಹೊಗಿ!” ಪಕ್ಕದಲ್ಲೇ ಡಬ್ಬಿ ಜೋಡಿಸುತ್ತಿದ್ದ ತಾಯಿ ಮಾಣಿಕಮ್ಮ ಕೆಮ್ಮುತ್ತ ಕೂಗಿದಳು.

ಪಂಚಶೀಲಾ ಪ್ಲಗ್ ಕಿತ್ತೆಸೆದಳು. ಬೋರ್ಡುಗಳು ಕರಕಲಾಗಿದ್ದವು. ಶಾಖ ಅಳೆಯುವ ಸೆನ್ಸರಿನ ತಂತಿ ಓವನ್ನಿನ ಹೊರಗೆ ನೇತಾಡುತ್ತಿತ್ತು. ಬೆಳಿಗ್ಗೆ ಒರೆಸುವಾಗ ತನ್ನ ಕೈಯೇ ತಗುಲಿತ್ತು! ಒಳಗಿನ ಬೆಂಕಿ ಅದಕ್ಕೆ ತಿಳಿಯದೆ, ಓವನ್ ಕಾಯುತ್ತಲೇ ಹೋಗಿತ್ತು.

‘ಅಯ್ಯೋ... ಅವ್ವ ಇಲ್ಲೇ ಕೂತಿದ್ದಳಲ್ಲ!’

ಬೈಕು ನಿಂತ ಸದ್ದು. ಧೀರೇಂದ್ರ ಒಳಗೆ ಓಡಿ ಬಂದ. ಅವನ ಕಣ್ಣು ಬೋರ್ಡಿನ ಕಡೆ ಹೋಗಲೇ ಇಲ್ಲ.

“ನಿಮಗೇನೂ ಆಗಿಲ್ಲಲ್ಲ? ಅವ್ವಾರಿಗೆ?”

ಅವಳಿಗೆ ಅಳು ಒತ್ತಿ ಬಂತು. “ನಿಮ್ಮ ಸಾಲು ಅಳಿಸಿದ್ದೆ... ಫೋನಿನಾಗ ಅಂದದ್ದಕ್ಕೂ ಮಾಫ್ ಮಾಡ್ರಿ.”

“ಹಂಗ ಅನ್ನಿಸೂಹಂಗ ಮಾಡಿದಾಂವ ನಾನು. ಕೇಳದೆ ಬರೀಬಾರದಿತ್ತು. ನಿಮ್ಮ ಮ್ಯಾಲ ಅನುಮಾನ ಇರಲಿಲ್ರಿ... ನಿಮಗ ಏನರೆ ಆದ್ರ ಅಂತ ಹೆದರಿಕಿ ಇತ್ತು.”

“ಯಾಕ ಅಷ್ಟು ಹೆದರಿಕಿ?”

ಅವನು ತಲೆ ತಗ್ಗಿಸಿದ. ಅವಳು ಕಣ್ಣೊರೆಸಿಕೊಂಡಳು. “ಇರಲಿ, ಮೊದಲ ಬೋರ್ಡ್ ಮಾಡೋಣ.”

ಅವನ ಸಾಲುಗಳನ್ನು ಈ ಸಲ ಇಬ್ಬರೂ ಕೂತು ಬರೆದರು. ಕರೆಂಟು ಕಡಿಮೆಯಿದ್ದರೂ ಓವನ್ ಸುಮ್ಮನೆ ಆರದಂತೆ ಅವಳು ತಿದ್ದಿದಳು. ತಂತಿಯನ್ನು ಭದ್ರವಾಗಿ ಕಟ್ಟಿದರು. ಬೇರೆ ಬೋರ್ಡುಗಳ ಮೇಲೆ ಬೆಸುಗೆ ಬೆಳ್ಳಿಯಂತೆ ಹೊಳೆದಾಗ ಇಬ್ಬರೂ ಹಿಡಿದಿದ್ದ ಉಸಿರು ಬಿಟ್ಟರು!

ಜೇವರ್ಗಿಯವರು ಬೋರ್ಡನ್ನು ಮೋಟರಿಗೆ ಜೋಡಿಸಿ ನೋಡಿ, ಒಪ್ಪಿ ಹೋದರು. ಮಾಣಿಕಮ್ಮ ಚಹಾ ತರಲು ಹೊರಟಳು.

“ಹೆದರಿಕಿ ಯಾಕಂತ ಹೇಳಲೇ ಇಲ್ಲ ನೀವು.”

“ನಿಮ್ಮನ್ನ ಪ್ರೀತಿ ಮಾಡ್ತೇನಿ, ಪಂಚಶೀಲಾ. ಮನ್ಯಾಗೂ ಹೇಳೀನಿ. ಅವ್ವ ಭಾಳ ದಿನ ಮಾತೇ ಆಡಲಿಲ್ಲ. ನಿನ್ನೆ ಕೇಳಿದಳು, ಆಕಿನ್ನ ಯಾವಾಗ ಕರ್ಕೊಂಡು ಬರ್ತಿ ಅಂತ... ಬರ್ತೀರೇನು?”

ಎಷ್ಟು ದಿನದಿಂದ ಬಚ್ಚಿಟ್ಟ ಮಾತು!

“ನಾನೂ... ನಿಮ್ಮನ್ನ ಭಾಳ... ಬರ್ತೇನಿ. ಆದ್ರ ನನಗ ‘ರೀ’ ಹಚ್ಚೋದು ಬಿಡ್ರಿ ಮೊದಲ.”

“ನೀವು ಬಿಟ್ರ ನಾನೂ ಬಿಡ್ತೇನಿ.”

ಅವಳು ಕಣ್ಣಲ್ಲಿ ನೀರು ತುಂಬಿಕೊಂಡೇ ನಕ್ಕಳು.

“ಆಯ್ತು... ಬರ್ತೇನಿ ಧೀರೇಂದ್ರ.”

“ಬಾ,” ಎಂದ ಅವನು, ಮೆಲ್ಲಗೆ.